ಲೆಂಕರಿಗೆ ಈಗಲೇ ಸಾವು ಕೊಡಬೇಡಿ

ನಂದಿದ ಸೂರ್ಯನ ಶಕೆ ೪೧೮೨, ಎರಡನೆಯ ಮಬ್ಬಿನ ಮಾಸ
ಕೊರೆಯೂರು, ಆರನೆಯ ಕಿರುದಿಂಗಳು

ಇನ್ನೂ ಹುಟ್ಟದ ಕೊರೆಯೂರಿನವರಿಗೆ,

ನೀವು ಇದನ್ನು ಓದುವ ಹೊತ್ತಿಗೆ ನನ್ನ ಮಾತು ತುಕ್ಕು ಹಿಡಿದಿರುತ್ತದೆ. ಮನ್ನಿಸಿ. ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಾಣಬಹುದು. ಬಿಡಿಸಿ ಹೇಳುತ್ತಾ ಹೋಗುತ್ತೇನೆ. ಆದರೆ ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದು ಆರದೆ ನಿಮ್ಮವರೆಗೆ ತಲುಪಲಿ ಎಂದೇ ಬರೆಯುತ್ತಿದ್ದೇನೆ.

ನನ್ನ ಹೆಸರು ಜಕ್ಕವ್ವೆ. ಎಡಗಾಲಿಗೆ ಕಬ್ಬಿಣದ ಬಳೆ ತೊಟ್ಟು ನಿಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಾನಲ್ಲ, ಆ ಎತ್ತರದ ಮನುಷ್ಯ, ಅವನನ್ನು ಅಲ್ಲಿ ನಿಲ್ಲಿಸಿದವಳು ನಾನು. ಅವನು ನೀರು ಹೊರುತ್ತಾನೆ, ಗಾಳಿಯ ಜಾಲರಿ ತೊಳೆಯುತ್ತಾನೆ, ನಿಮ್ಮ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೀಪದ ಬೆಳಕಲ್ಲಿ ಬೆಳೆಯುವ ಹೊಲಕ್ಕೆ ಹೋಗುತ್ತಾನೆ. ಪಾಪದವನು ಅನ್ನಿಸುತ್ತದೆ. ಅವನು ಯಾರೆಂದು ಹೇಳುತ್ತೇನೆ, ಕೇಳಿ.

ಅವನು ಲೆಂಕ. ಈ ಪದವನ್ನು ನಮ್ಮ ಹಿರಿಯರು ಮೊದಲ ನೆಲವನ್ನು ಬಿಟ್ಟು ಬರುವಾಗ ಜೊತೆಯಲ್ಲಿ ತಂದರು. ಒಡೆಯ ಹೇಳಿದ್ದನ್ನು ಮಾಡುತ್ತೇನೆ, ಒಡೆಯ ಸತ್ತ ದಿನ ನಾನೂ ಸಾಯುತ್ತೇನೆ ಎಂದು ಆಣೆ ಮಾಡಿ ಕಾಲಿಗೆ ಬಳೆ ಹಾಕಿಸಿಕೊಂಡವನು ಎಂದು ಅದರ ಅರ್ಥ. ಏಳು ಕಿರುದಿಂಗಳುಗಳನ್ನು, ಅಂದರೆ ನಮ್ಮ ದೊಡ್ಡ ಗ್ರಹವನ್ನು ಸುತ್ತುವ ಈ ಸಣ್ಣ ಲೋಕಗಳನ್ನು, ನನ್ನ ಎಳವೆಯಲ್ಲಿ ಆಳುತ್ತಿದ್ದವನು ಮಾಚರಸ. ಅವನ ಬಲವೆಲ್ಲ ಲೆಂಕರದ್ದು. ಎಳೆಯ ವಯಸ್ಸಿನಲ್ಲೇ ಅವರಿಗೆ ಔಷಧಿ ಕುಡಿಸಿ ದೇಹವನ್ನು ಎರಕ ಹೊಯ್ದಂತೆ ಗಟ್ಟಿ ಮಾಡುತ್ತಿದ್ದರು. ನಾಲ್ಕು ಆಳಿನ ಆಯುಸ್ಸು ಒಬ್ಬ ಲೆಂಕನಿಗೆ. ಮುಖಕ್ಕೆ ನುಣುಪಾದ ಕರಿಯ ಗವಸು. ಅದರಲ್ಲಿ ಬಾಯಿಯ ಗುರುತೇ ಇರಲಿಲ್ಲ. ಅವರ ಮುಖ ಕಂಡವರಿಲ್ಲ, ಹೆಸರು ತಿಳಿದವರಿಲ್ಲ. ಹಿಂದೊಮ್ಮೆ ಶತ್ರುಗಳು ಯಂತ್ರದಲ್ಲಿ ಅರಸನ ದನಿಯನ್ನು ನಕಲು ಮಾಡಿ ಲೆಂಕರ ಕೈಯಲ್ಲೇ ಲೆಂಕರನ್ನು ಕೊಲ್ಲಿಸಿದ್ದರಂತೆ. ಅಂದಿನಿಂದ ಅವರು ಯಂತ್ರದ ಮಾತು ಕೇಳುತ್ತಿರಲಿಲ್ಲ. ಅರಸನ ಸಮ್ಮುಖದಲ್ಲಿ, ಉಸಿರಿರುವ ಬಾಯಿಂದ ಬಂದದ್ದೇ ಅಪ್ಪಣೆ.

ನಮ್ಮ ಊರಿನ ಕಸುಬು ಮಂಜುಗಡ್ಡೆ ಕೊರೆಯುವುದು. ಕೊರೆಯುವ ಯಂತ್ರಗಳ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಹಾಗಾಗಿ ಕೊರೆಯೂರಿನ ಮಕ್ಕಳು ಮಾತು ಕಲಿಯುವ ಮೊದಲೇ ತುಟಿ ಓದಲು ಕಲಿಯುತ್ತಿದ್ದರು. ಹೊರಗೆ ಗಾಳಿಯಿಲ್ಲ. ಮಂಜಿನಿಂದ ಗಾಳಿ ಹಿಂಡಿ ಕೊಡುವ ಉಸಿರುಗಂಬಗಳೇ ಊರಿನ ಜೀವ. ಒಂದು ದಿನ ಸೋತ ಶತ್ರುನೌಕೆಯೊಂದರ ಗಾಯಾಳುಗಳನ್ನು ಊರವರು ಒಳಗೆ ಕರೆದು ಗಂಜಿ ಕೊಟ್ಟರು. ಅಷ್ಟೇ ತಪ್ಪು. ಮಾಚರಸ ಊಟದ ಎಲೆಯ ಮುಂದೆ ಕೂತು, "ಆ ಊರನ್ನು ಆರಿಸಿಬಿಡಿ" ಅಂದನಂತೆ, ದೀಪ ಆರಿಸಿ ಅಂದ ಹಾಗೆ.

ಆಗ ನಾನು ಸಣ್ಣ ಹುಡುಗಿ. ಸೋದರಮಾವನ ಜೊತೆ ಹೊರಗೆ ಮಂಜಿನ ಬಂಡಿಯ ಮೇಲಿದ್ದೆ, ಬೆನ್ನಿಗೆ ಉಸಿರುಚೀಲ ಕಟ್ಟಿಕೊಂಡು. ಲೆಂಕರು ಕಂಬಗಳನ್ನು ಒಂದೊಂದಾಗಿ ಕಡಿದು ಉರುಳಿಸಿದರು. ಆಮೇಲೆ ಉಸಿರುಚೀಲ ಕಟ್ಟಿಕೊಂಡು ಯಾರೂ ಹೊರಗೆ ಬರದಂತೆ ಬಾಗಿಲುಗಳಿಗೆ ಅಡ್ಡ ನಿಂತರು. ಮಾವ ನನ್ನನ್ನು ಬಂಡಿಯಡಿ ಒತ್ತಿ ಹಿಡಿದ. ಅಲ್ಲಿಂದ ದೊಡ್ಡಬಾಗಿಲಿನ ಗಾಜು ಕಾಣುತ್ತಿತ್ತು. ಗಾಜಿನಾಚೆ ನನ್ನ ಅಮ್ಮ. ಈಚೆ ಒಬ್ಬ ಲೆಂಕ, ಭುಜದ ಮೇಲೆ ಕೆಂಪು ಪಟ್ಟಿ. ಕೆಂಪು ಪಟ್ಟಿ ಹಿರಿಯ ಲೆಂಕನಿಗೆ ಮಾತ್ರ. ಅಮ್ಮನ ತುಟಿ ನಾನು ಓದಿದೆ: "ಅಣ್ಣಾ, ನನ್ನ ಬಿಡದಿದ್ರೂ ಪರವಾಗಿಲ್ಲ. ಕೂಸುಗಳನ್ನಾದ್ರೂ ಆಚೆ ಬಿಡಪ್ಪಾ." ಅದನ್ನೇ ಮತ್ತೆ ಮತ್ತೆ ಹೇಳಿದಳು. ತುಟಿ ನಿಲ್ಲುವವರೆಗೂ ಅವನು ಅಲ್ಲಾಡಲಿಲ್ಲ.

ಮಾವ ನನ್ನನ್ನು ಎರಡನೆಯ ಕಿರುದಿಂಗಳಿನ ಹಡಗುಕಟ್ಟೆಗೆ ತಲುಪಿಸಿ, ಅಲ್ಲೇ ಕೆಲವು ದಿನಗಳಲ್ಲಿ ತೀರಿಕೊಂಡ. ಗದ್ದಲದ ಕಟ್ಟೆಯಲ್ಲಿ ತುಟಿ ಓದುವವರಿಗೆ ಕೆಲಸಕ್ಕೇನೂ ಕೊರತೆಯಿರಲಿಲ್ಲ. ಬೆಳೆದೆ. ಲೆಂಕರನ್ನು ಕೊಲ್ಲುವುದು ಹೇಗೆಂದು ಯೋಚಿಸುತ್ತಲೇ ಬೆಳೆದೆ. ಆಮೇಲೆ ಗೊತ್ತಾಯಿತು, ಅವರಿಗೆ ಸಾವೆಂದರೆ ಹಬ್ಬ. ಒಡೆಯನ ಹೆಣದ ಪಕ್ಕ ಸಾಲಾಗಿ ಕತ್ತು ಕೊಯ್ದುಕೊಳ್ಳುತ್ತಾರೆ, ಪ್ರತಿಯೊಬ್ಬನಿಗೂ ವೀರಗಲ್ಲು ನಿಲ್ಲಿಸುತ್ತಾರೆ, ಹಾಡು ಕಟ್ಟುತ್ತಾರೆ. ಮಾಚರಸನನ್ನು ಕೊಂದರೆ ನನ್ನ ಕೈಯಾರೆ ಅವರಿಗೆ ಹಬ್ಬ ಮಾಡಿಕೊಟ್ಟಂತೆ.

ಮಾಚರಸನಿಗೆ ವಯಸ್ಸಾಗಿ ಗಂಟಲು ಕೊಳೆಯಿತು. ದನಿ ಹೋಯಿತು. ಅವನ ತುಟಿ ಓದಿ ಅಪ್ಪಣೆಯನ್ನು ಬಾಯಲ್ಲಿ ಹೇಳುವ ನುಡಿಗಾತಿ ಬೇಕಾದಳು. ನಾನು ಹೋದೆ. ಅವನು ನನ್ನ ಊರು ಕೇಳಲಿಲ್ಲ. ವರ್ಷಗಟ್ಟಲೆ ಅವನ ಮಗ್ಗುಲಲ್ಲಿ ನಿಂತು ಅವನ ಮಾತನ್ನು ಒಂದಕ್ಷರ ತಪ್ಪದೆ ಹೇಳಿದೆ. ಲೆಂಕರ ಕಿವಿ ನನ್ನ ದನಿಗೆ ಒಗ್ಗಿತು. ನನಗೆ ಬೇಕಾದದ್ದೂ ಅದೇ.

ಅವನು ಸಾಯುವ ದಿನ ಲೆಂಕರೆಲ್ಲ ಹಾಸಿಗೆಯ ಸುತ್ತ ಮಂಡಿಯೂರಿದ್ದರು, ಕತ್ತಿ ತೊಡೆಯ ಮೇಲಿಟ್ಟುಕೊಂಡು. ಮಾಚರಸನ ತುಟಿ ಹೇಳಿತು: "ಎಲ್ಲರೂ ನನ್ನ ಜೊತೆ ಬನ್ನಿ." ನಾನು ದನಿಯೆತ್ತಿ ಹೇಳಿದೆ: "ಅರಸರ ಅಪ್ಪಣೆ. ಇನ್ನು ಮುಂದೆ ಜಕ್ಕವ್ವೆಯೇ ನಿಮ್ಮ ಒಡತಿ. ಆಕೆ ಸಾಕು ಅನ್ನುವವರೆಗೆ ನೀವು ಯಾರೂ ಸಾಯಕೂಡದು."

ಅವನ ಕಿವಿ ಚೆನ್ನಾಗಿತ್ತು. ಕಣ್ಣು ಕೆರಳಿ, ತುಟಿ ನಡುಗಿತು: "ಸುಳ್ಳು, ಸುಳ್ಳು."

"ಏನಂತಾರೆ?" ಎಂದ ಹಿರಿಯ ಲೆಂಕ.

"ಬೇಗ, ಬೇಗ ಅಂತಾರೆ" ಎಂದೆ.

ಅವರು ನನ್ನ ಕಾಲ ಬಳಿ ಕತ್ತಿಗಳನ್ನಿಟ್ಟರು. ನಾನು ಬಗ್ಗಿ ಮಾಚರಸನ ಕಿವಿಯಲ್ಲಿ, "ನಾನು ಕೊರೆಯೂರಿನವಳು" ಎಂದೆ. ಅವನು ನನ್ನನ್ನೇ ನೋಡಿದ. ಎಲ್ಲೋ ಕೇಳಿದ ಹೆಸರು, ಎಲ್ಲಿ ಎಂದು ನೆನಪಾಗುತ್ತಿಲ್ಲ ಎಂಬಂತೆ ನೋಡಿದ. ಹಾಗೆಯೇ ಸತ್ತ. ಆ ನೋಟವನ್ನು ನಾನು ಇವತ್ತಿಗೂ ಸಹಿಸಲಾರೆ. ಅವನ ಪಾಲಿನ ಬಾಕಿಯೂ ಲೆಂಕರ ಮೇಲೆಯೇ ಬಿತ್ತು.

ನನ್ನ ಮೊದಲ ಅಪ್ಪಣೆ, "ಗವಸು ತೆಗೆಯಿರಿ." ಕೆಂಪು ಪಟ್ಟಿಯ ಹಿರಿಯ ಲೆಂಕನ ಹೆಸರು ಬೊಪ್ಪಣ ಎಂದು ಆಗ ತಿಳಿಯಿತು. ರಾಕ್ಷಸನ ಮುಖ ಇರುತ್ತದೆಂದು ಕಾದಿದ್ದೆ. ಸಂತೆಯಲ್ಲಿ ಬೆಲ್ಲ ತೂಗುವವನ ಮುಖ. ಮೊಂಡು ಮೂಗು, ಬೆಳಕು ಕಾಣದೆ ಬಿಳಿಚಿದ ಕೆನ್ನೆ. ನನ್ನ ಸಿಟ್ಟು ಅದರಿಂದ ಇನ್ನೂ ಹೆಚ್ಚಾಯಿತು.

ಅವರನ್ನು ಇಲ್ಲಿಗೆ ಕರೆತಂದೆ. ಚಳಿಗೆ ಹೆಣಗಳು ಕೆಟ್ಟಿರಲಿಲ್ಲ. ಕೂತವರು ಕೂತ ಹಾಗೆ, ಮಲಗಿದವರು ಮಲಗಿದ ಹಾಗೆ. ಒಬ್ಬೊಬ್ಬರನ್ನೂ ಲೆಂಕರ ಕೈಯಲ್ಲೇ ಎತ್ತಿಸಿ, ತೊಳೆಸಿ, ಮಣ್ಣು ಮಾಡಿಸಿದೆ. ನನ್ನ ಅಮ್ಮನನ್ನು ಬೊಪ್ಪಣ ಹೊತ್ತ. ಅವಳ ಸೆರಗಿನೊಳಗೆ ನನ್ನ ತಮ್ಮನಿದ್ದ. ಕತ್ತಿಗಳನ್ನು ಕರಗಿಸಿ ಪಾತ್ರೆ ಮಾಡಿಸಿದೆ, ಉಸಿರುಗಂಬಗಳನ್ನು ಮತ್ತೆ ಎಬ್ಬಿಸಿದೆ. ಅಂದು ಊರ ಹೊರಗಿದ್ದು ಬದುಕಿ ಚದುರಿಹೋಗಿದ್ದ ನಮ್ಮವರು ಒಬ್ಬೊಬ್ಬರಾಗಿ ವಾಪಸು ಬಂದರು. ಯಾರೂ ಬರದೆ ಉಳಿದ ಮನೆಗಳಿಗೆ ಬೇರೆ ಕಿರುದಿಂಗಳುಗಳ ನಿರಾಶ್ರಿತರು ಬಂದರು. ಒಂದೊಂದು ಮನೆಗೆ ಒಬ್ಬೊಬ್ಬ ಲೆಂಕ. ಮನೆಯವರು ಉಣ್ಣುವ ಮೊದಲು ಅವನು ಕೂರುವಂತಿಲ್ಲ. ಬೆಳಗಿನ ದೀಪ ಹತ್ತಿದ ಕೂಡಲೇ ಆ ಮನೆಯಲ್ಲಿ ಸತ್ತವರ ಹೆಸರುಗಳನ್ನು ಗಟ್ಟಿಯಾಗಿ ಹೇಳಬೇಕು.

ಈಗ ನನಗೆ ಕಾಯಿಲೆ. ಇನ್ನು ಹೆಚ್ಚು ದಿನ ಇಲ್ಲ. ಮೊನ್ನೆ ಬೊಪ್ಪಣ ಬಂದು ನಿಂತ.

"ಒಡತಿ, ಮಾಚರಸರ ಕೊನೆಯ ಮಾತು ಅದಾಗಿರಲಿಲ್ಲ. ನನಗೆ ಅವತ್ತೇ ಗೊತ್ತು."

"ಗೊತ್ತಿದ್ದೂ ಯಾಕೆ ಕೇಳಿದೆ?"

"ಗೊತ್ತಿರುವುದು ನನ್ನ ಕೆಲಸವಲ್ಲ. ಕಿವಿಗೆ ಬಿದ್ದ ಅಪ್ಪಣೆ ನಡೆಸುವುದು ನನ್ನ ಕೆಲಸ. ಈಗ ನೀವು ಹೊರಡುತ್ತಿದ್ದೀರಿ. ಸಾಕು ಅನ್ನಿ. ನಿಮ್ಮ ಜೊತೆ ನಾವೂ ಬರುತ್ತೇವೆ."

ಗೊತ್ತಿರುವುದು ನನ್ನ ಕೆಲಸವಲ್ಲ. ನನ್ನ ಊರನ್ನು ಕೊಂದದ್ದು ಈ ಮಾತು. ನಾನು ಸಾಕು ಅನ್ನಲಿಲ್ಲ. ಊರವರನ್ನೆಲ್ಲ ಸೇರಿಸಿ, ಲೆಂಕರ ಆಣೆಯನ್ನು ಊರಿಗೇ ಕಟ್ಟಿ, ಸಾಕು ಅನ್ನುವ ಹಕ್ಕನ್ನೂ ಊರಿಗೇ ಬಿಟ್ಟೆ. ಕೊರೆಯೂರಿನಲ್ಲಿ ಉಸಿರಾಡುವ ಒಬ್ಬರಾದರೂ ಇರುವವರೆಗೆ ಅವರ ಒಡೆಯ ಸತ್ತಿಲ್ಲ.

ಕಟ್ಟಿದ ಮೇಲೆ ಭಯವಾಯಿತು. ಊರಿನ ಮುಂದಾಳು ಮಲ್ಲಬ್ಬೆ ಹಳೆಯದೇನನ್ನೂ ಕಂಡವಳಲ್ಲ, ಒಳ್ಳೆಯ ಹುಡುಗಿ. ಅವಳು ನನ್ನ ಹಾಸಿಗೆಯ ಪಕ್ಕ ಕೂತು, "ಅಜ್ಜೀ, ಐದನೇ ಕಿರುದಿಂಗಳಿನೋರು ನಮ್ಮ ಮಂಜು ಕದೀತಾರೆ. ಒಂದೇ ಒಂದು ಸಲ ಲೆಂಕರನ್ನ ಕಳಿಸಿದ್ರೆ ಬುದ್ಧಿ ಬರ್ತದೆ ಅವ್ರಿಗೆ" ಅಂದಳು. ನಗುತ್ತಲೇ ಅಂದಳು.

ಅವಳು ಹೋದ ಮೇಲೆ ಬೊಪ್ಪಣನನ್ನು ಕರೆದೆ. "ನಾಳೆ ಈ ಊರಿನವರೇ ಯಾರಾದರೂ ಬಂದು ಕೊಲ್ಲು ಎಂದರೆ, ‘ಒಲ್ಲೆ’ ಅನ್ನಬೇಕು. ಇದು ನನ್ನ ಅಪ್ಪಣೆ."

ಅವನು ಕಾಲಿನ ಬಳೆಯನ್ನು ಮುಟ್ಟಿ ನೋಡಿಕೊಂಡ. "ಅದು ನನ್ನಿಂದ ಆಗುವುದಿಲ್ಲ, ಒಡತಿ."

"ಏನಂದೆ?"

"ಲೆಂಕನ ಬಾಯಲ್ಲಿ ಆ ಮಾತು ಬರುವುದಿಲ್ಲ."

ನನಗೆ ಕೆಮ್ಮು ಬರುವಷ್ಟು ನಗು ಬಂತು. "ಈಗ ತಾನೇ ಬಂತಲ್ಲೋ! ಅಪ್ಪಣೆ ಕೊಟ್ಟೆ, ಆಗುವುದಿಲ್ಲ ಅಂದೆ. ಸತ್ತೆಯಾ? ಬಾನು ಬಿತ್ತಾ?"

ಬೊಪ್ಪಣ ಗೋಡೆ ಹಿಡಿದುಕೊಂಡ. ಹಾಗೇ ಜಾರಿ ನೆಲದ ಮೇಲೆ ಕೂತ. ನನ್ನೆದುರು ಯಾವ ಲೆಂಕನೂ ಹಾಗೆ ಕೂತಿದ್ದಿಲ್ಲ. "ಹಾಗಾದರೆ ಅವತ್ತು..." ಅಂದ. ನಾನು ಅವನಿಗಾಗಿ ಆ ಮಾತನ್ನು ಮುಗಿಸಿ ಕೊಡಲಿಲ್ಲ. ಕೊನೆಗೆ ಅವನು ಎರಡೂ ಕೈಯಲ್ಲಿ ನನ್ನ ಪಾದ ಹಿಡಿದು, ಅಪ್ಪಣೆಯನ್ನು ಬೇಡುವವನ ಹಾಗಲ್ಲ, ನೋವು ತಾಳಲಾರದ ಮನುಷ್ಯನ ಹಾಗೆ ಕೇಳಿದ: "ಈಗಲಾದರೂ ಸಾಕು ಅನ್ನವ್ವಾ."

"ಈಗ ತಾನೇ ಶುರುವಾಗಿದೆ" ಎಂದೆ.

ಹಾಗಾಗಿ ನಿಮ್ಮಲ್ಲಿ ಇಷ್ಟನ್ನು ಕೇಳಿಕೊಳ್ಳುತ್ತೇನೆ. ಇವರನ್ನು ಯಾರ ಮೇಲೂ ಕಳಿಸಬೇಡಿ. ಕಳಿಸಿದ ದಿನ ಮಾಚರಸ ನಿಮ್ಮೊಳಗೇ ಎದ್ದು ಕೂರುತ್ತಾನೆ. ಬದಲಿಗೆ, ನಿಮ್ಮ ಮಕ್ಕಳು ಪ್ರಾಯಕ್ಕೆ ಬಂದಾಗ ತಮ್ಮ ಬಾಗಿಲ ಲೆಂಕನನ್ನು ಎದುರು ನಿಲ್ಲಿಸಿಕೊಂಡು, "ಹೋಗು, ಪಕ್ಕದ ಮನೆಯವರನ್ನು ಕೊಂದು ಬಾ" ಎನ್ನಲಿ. ಅವನು ಹೆಜ್ಜೆ ಎತ್ತಿದರೆ ಅಲ್ಲೇ ತಡೆದು ನಿಲ್ಲಿಸಿ, ಇನ್ನೊಂದು ತಲೆಮಾರು ನೀರು ಹೊರಿಸಿ. ಒಲ್ಲೆ ಎಂದರೆ ಅವನನ್ನು ಹೊಗಳಬೇಡಿ, ಬೈಯಲೂ ಬೇಡಿ. ಸುಮ್ಮನೆ ಅವನ ಮುಖ ನೋಡಿ. ಅಂದು ದೊಡ್ಡಬಾಗಿಲಲ್ಲಿ ನಿಂತು ಇದೇ ಮಾತನ್ನು ತಾನು ಹೇಳಬಹುದಿತ್ತು ಎಂದು ಅವನಿಗೆ ಆಗ ತಿಳಿಯುತ್ತದೆ.

ಅದು ತಿಳಿದ ಮೇಲೆ ಅವನು ಒಂದು ವರ್ಷವಾದರೂ ಬದುಕಿರಲಿ. ಆಮೇಲೆ ಸಾಕು ಅನ್ನಿ.

ಇತಿ,
ಗಂಗವ್ವೆಯ ಮಗಳು ಜಕ್ಕವ್ವೆ