ಎಡಗಡೆಯ ನಾಳ

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ
ಮಾರ್ಚ್ 11, ಮಂಗಳವಾರ

ನನ್ನ ಒಬ್ಬನೇ ಅಣ್ಣನಿಗೆ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಬಸ್ಸು ಓಡಿಸುವಾಗ ಒರಗಿಕೊಳ್ಳಲೆಂದು ನಾನು ಹೊಲಿದುಕೊಟ್ಟ ದಿಂಬು ಸೀಟಿನಲ್ಲಿದೆಯೋ, ಕಂಡಕ್ಟರ್ ನಗುತ್ತಾನೆಂದು ಮನೆಯಲ್ಲೇ ಬಿಟ್ಟುಹೋಗುತ್ತೀಯೋ? ಮೊನ್ನೆ ರೇಡಿಯೋದಲ್ಲಿ ಗುಡ್ಡದ ರಸ್ತೆಯಲ್ಲಿ ಬಸ್ಸು ಉರುಳಿತೆಂದರು. ನಿನ್ನದಲ್ಲ ಎಂದು ತಿಳಿಯುವ ತನಕ ರೇಡಿಯೋ ಮುಂದಿನಿಂದ ಏಳಲಿಲ್ಲ. ಅದು ಬೇರೆ ಯಾವುದೋ ದೇಶದ ಬಸ್ಸಂತೆ. ಆದರೂ ನೀನು ನಿಧಾನವಾಗಿ ಓಡಿಸು.

ಫೋನಿನಲ್ಲಿ ಹೇಳಹೋದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಸರಿಮಾಡಿಕೊಂಡು ಓದು. ತಲೆನೋವೆಂದು ದೊಡ್ಡಾಸ್ಪತ್ರೆಗೆ ಹೋಗಿದ್ದೆನಲ್ಲ, ಅಲ್ಲಿ ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, “ನಿಮಗೆ ಎಡಗಡೆ ನಾಳ ಇಲ್ಲಮ್ಮ” ಎಂದರು. ನನಗೆ ಕೇಳಿಸಿದ್ದು ನಾಳೆ ಇಲ್ಲ ಎಂದು! “ಹೋಟೆಲಿನವರ ಮೇಜಿನ ಬಟ್ಟೆ ಗಂಟು ಹಾಗೇ ಇದೆ, ಅದನ್ನಾದರೂ ಮುಗಿಸಿ ಬರ್ಲಾ?” ಎಂದು ಕೇಳಿದೆನಂತೆ. ಪಕ್ಕದಲ್ಲಿ ಕೂತಿದ್ದ ಇವರು, “ಲೇ, ನಾಳೆ ಅಲ್ವೇ, ನಾಳ! ರಕ್ತ ಹೋಗೋ ಕೊಳವೆ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಟ್ಟಿಕೊಂಡವರು ನಗುವ ಹೊತ್ತೇ ಅದು?

ಕುತ್ತಿಗೆಯಿಂದ ತಲೆಯೊಳಕ್ಕೆ ಎಡಕ್ಕೊಂದು, ಬಲಕ್ಕೊಂದು ದೊಡ್ಡ ರಕ್ತನಾಳ ಹೋಗುತ್ತದಂತೆ. ನನ್ನ ಎಡಗಡೆಯದು ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ಬೆಳೆಯದೆ ಹೋಯಿತಂತೆ. ಬಲು ಅಪರೂಪವಂತೆ. ಕಣ್ಣಿಗೂ ಬೆವರಿಗೂ ಹೋಗುವ ಸಣ್ಣ ನರ ಆ ನಾಳವನ್ನೇ ಹಿಡಿದುಕೊಂಡು ಮೇಲೆ ಹೋಗಬೇಕಂತೆ. ಅದಕ್ಕೇ ನನ್ನ ಎಡಗಣ್ಣಿನ ರೆಪ್ಪೆ ಜೋತಿರುವುದು, ಅದಕ್ಕೇ ಆ ಕಡೆ ಮುಖ ಬೆವರದಿರುವುದು. ಅಣ್ಣಾ, ಇದನ್ನು ಕೇಳುತ್ತಿದ್ದ ಹಾಗೇ ನನಗೆ ಅಪ್ಪನ ಅಂಗಡಿಯೇ ಕಣ್ಣಮುಂದೆ ಬಂತು. ಇದ್ದಿಲಿನ ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತರೆ ನನ್ನ ಬಲಗೆನ್ನೆ ಕೆಂಡದ ಹಾಗಾಗಿ ಬೆವರು ಸುರಿಯುತ್ತಿತ್ತು, ಎಡಗೆನ್ನೆ ಈಗ ತಾನೇ ಪೌಡರ್ ಹಚ್ಚಿದ ಹಾಗಿರುತ್ತಿತ್ತು. “ನನ್ನ ಮಗಳು ಅರ್ಧ ದುಡೀತಾಳೆ, ಅರ್ಧ ರಜಾ ಹಾಕ್ತಾಳೆ” ಎಂದು ಅಪ್ಪ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. ಬಿಸಿ ಬಟ್ಟೆಯ ಆ ವಾಸನೆ, ಮಡಿಸಿಟ್ಟ ಅಂಗಿಗಳ ಮೇಲೆ ತಲೆಯಿಟ್ಟು ನೀನು ಬೈಸಿಕೊಳ್ಳುತ್ತಿದ್ದದ್ದು, ಎಲ್ಲ ನಿನ್ನೆ ಮೊನ್ನೆಯ ಹಾಗಿದೆ.

ಗಣಿತದ ಮೇಷ್ಟ್ರು ನೆನಪಿದ್ದಾರಾ? ನಾನು ತರಗತಿಯಲ್ಲಿ ನಿದ್ದೆ ಮಾಡುತ್ತೇನೆಂದು “ಏ ಅರೆನಿದ್ದೆ, ನಡಿ ಆಚೆ” ಎನ್ನುತ್ತಿದ್ದರು. ಒಂದು ದಿನ ನೀನು ನಿನ್ನ ತರಗತಿ ಬಿಟ್ಟು ಬಂದು, “ನಿದ್ದೆ ಅಲ್ಲ ಸಾರ್, ಅವಳು ಒಂದೇ ಕಣ್ಣಲ್ಲಿ ಪಾಠ ಕೇಳ್ತಾಳೆ, ನಿಮ್ಮ ಪಾಠಕ್ಕೆ ಅಷ್ಟು ಸಾಕು” ಎಂದೆ. ನಿನ್ನನ್ನೂ ಆಚೆ ನಿಲ್ಲಿಸಿದರು. ಕಾರಿಡಾರಿನಲ್ಲಿ ಸೀಮೆಸುಣ್ಣದ ಚೂರಿನಿಂದ ಮನೆ ಗೀಚಿಕೊಂಡು ಕುಂಟಾಟ ಆಡಿದೆವು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟರೂ, ಶಾಲೆ ಎಂದರೆ ನನಗೆ ಆ ಕಾರಿಡಾರೇ.

ಇಷ್ಟು ವರ್ಷ ಬಲಗಡೆಯ ನಾಳವೇ ಒಳಗೊಂದು ಅಡ್ಡದಾರಿ ಹಿಡಿದು ಎಡಕ್ಕೂ ರಕ್ತ ಕೊಟ್ಟು ಸಾಕಿದೆಯಂತೆ. ಎರಡು ಆಳಿನ ಕೆಲಸ ಮಾಡಿ ಮಾಡಿ ಆ ಅಡ್ಡದಾರಿಯಲ್ಲೊಂದು ಗುಳ್ಳೆ ಎದ್ದಿದೆ. ಒಡೆದರೆ ಕಷ್ಟ. ತಲೆ ತೆರೆದು ಗುಳ್ಳೆಯ ಬುಡಕ್ಕೆ ಕ್ಲಿಪ್ ಹಾಕುತ್ತಾರಂತೆ. “ಬಟ್ಟೆ ಒಣಗಿಸೋ ಕ್ಲಿಪ್ಪಾ?” ಎಂದೆ. “ಅದರ ತಮ್ಮ” ಎಂದರು ಡಾಕ್ಟರಮ್ಮ. ಇವರು ಮಾಡಿಸು ಎನ್ನುತ್ತಾರೆ. ನನಗೆ ಬಿಟ್ಟರೂ ಭಯ, ಮಾಡಿಸಿದರೂ ಭಯ. ಕಣ್ಣು ಬಿಟ್ಟಾಗ ಯಾರ ಗುರುತೂ ಸಿಗದಿದ್ದರೆ? ಅಪ್ಪ ಹೋದ ಮೇಲೆ ನೀನು ಹೂಂ ಎನ್ನದೆ ನಾನು ಏನನ್ನೂ ಮಾಡಿದವಳಲ್ಲ. ಏನು ಮಾಡಲಿ, ಬೇಗ ಬರೆ.

ಅತ್ತಿಗೆಗೆ ಕೇಳಿದೆನೆಂದು ಹೇಳು, ಮಕ್ಕಳ ತಲೆ ಸವರು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಮೊದಲೇ ಆಸ್ಪತ್ರೆಯಿಂದ ಫೋನ್ ಬಂತು. ಆಪರೇಷನ್ನಿಗೆ ಬರುವ ಸೋಮವಾರ ಆಗುತ್ತದೆಯೇ ಎಂದು ಕೇಳಿದರು. ಏನಾಯಿತೋ ಕಾಣೆ, ಹೂಂ ಎಂದುಬಿಟ್ಟೆ. ಅದಕ್ಕೇ ಉತ್ತರ ಬರೆಯಬೇಡ, ಬಾ. ಅಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿಲ್ಲವಂತೆ. ನೀನು ಮಾತಾಡು. ಬಾಗಿಲು ಹಾಕಿದ ಮೇಲೂ ನನಗೆ ಕೇಳಿಸಬೇಕು.