ಗ್ರಹಣದ ಬೆಳಿಗ್ಗೆಯ ಉಪ್ಪಿಟ್ಟು

ಶ್ರೀರಂಗಪಟ್ಟಣ
೭ ಫೆಬ್ರವರಿ ೧೯೯೯

ನಾಗೂ,

"ಪ್ರೀತಿಯ" ಎಂದು ಬರೆದು ಹೊಡೆದುಹಾಕಿದೆ; ಕೋಪ ಬಂದರೆ ನೀನು ಮುಂದಕ್ಕೆ ಓದುವವಳಲ್ಲ. ಅಕ್ಕಿಹೆಬ್ಬಾಳಿನಲ್ಲಿ ನೀನೂ ಮಗಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿಲ್ಲ. ನಿಮ್ಮಿಬ್ಬರನ್ನೂ ಮನೆಗೆ ಕರೆಯಲು ಈ ಕಾಗದ.

ಕಳೆದ ಆಷಾಢದಲ್ಲಿ ಮೈಸೂರಿನ ನಮ್ಮ ಲ್ಯಾಬಿಗೆ ಬಂದು ನಿನ್ನದೂ ಮಗಳದೂ ರಕ್ತ ಕೊಟ್ಟು, ನನ್ನ ಮುಖವನ್ನೂ ನೋಡದೆ ರೈಲು ಹತ್ತಿದೆಯಲ್ಲ, ಸ್ಪಂದನಳ ಬೆರಳುಗಳು ಯಾಕೆ ಅಂಟಿಕೊಂಡಿವೆ ಎಂಬುದಕ್ಕೆ ಉತ್ತರ ಸಿಕ್ಕಿದೆ. ಹೊಟ್ಟೆಯಲ್ಲಿರುವ ಕೂಸಿನ ಬೆರಳುಗಳನ್ನು ಬಿಡಿಬಿಡಿಯಾಗಿ ಬೆಳೆಸುವ ಜೀನು ಒಂದಿದೆ. ನಮ್ಮ ಮೂವರ ಜೀನಿನ ಅಕ್ಷರಗಳನ್ನು ಇಲಿ, ಕೋಳಿ, ಮೀನುಗಳ ಅಕ್ಷರಗಳ ಕೆಳಗೆ ಸಾಲಾಗಿ ಜೋಡಿಸಿ ಕಂಪ್ಯೂಟರಿನಲ್ಲಿ ಹೋಲಿಸಿದೆ. ಕೋಟ್ಯಂತರ ವರ್ಷ ಯಾವ ಪ್ರಾಣಿಯಲ್ಲೂ ಬದಲಾಗದ ಜಾಗದಲ್ಲಿ ಅಕ್ಷರ ತಪ್ಪಿದರೆ ಕೇಡಾಗುವ ಸಂಭವ ಹೆಚ್ಚು. ಮಗಳದು ಅಂಥ ಜಾಗದಲ್ಲೇ ತಪ್ಪಿದೆ. ನಿನ್ನದು ಕೋಳಿಯದರ ಹಾಗೆ ಅಚ್ಚುಕಟ್ಟಾಗಿದೆ, ನಗಬೇಡ. ತಪ್ಪು ನನ್ನ ಕಡೆಯಿಂದ ಬಂದದ್ದು. ಪರದೆ ನೋಡಿ ಬೆಚ್ಚಿಬಿದ್ದೆ.

ಆ ದೀಪಾವಳಿಯ ಗ್ರಹಣ ನೆನಪಿದೆಯೇ? ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಅಮ್ಮ ದೇವರಮನೆಯಲ್ಲಿದ್ದಳು. ನೀನು ಎರಡು ತಿಂಗಳ ಬಸುರಿ. ಹೊಟ್ಟೆ ಚುರುಗುಟ್ಟುತ್ತಿದೆ ಎಂದು ಗೋಳು ಹೊಯ್ದುಕೊಂಡವನು ನಾನು. ನೀನು ಈಳಿಗೆಮಣೆ ಎಳೆದುಕೊಂಡು ಸದ್ದಾಗದಂತೆ ಈರುಳ್ಳಿ ಹೆಚ್ಚಿದೆ. ಒಗ್ಗರಣೆಯ ಘಮಕ್ಕೆ ಸಿಕ್ಕಿಬೀಳುತ್ತೇವೆಂದು ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಇಬ್ಬರಿಗೂ ನಿನ್ನದೊಂದೇ ಸೆರಗು. ಅಂಥ ಉಪ್ಪಿಟ್ಟು ಆಮೇಲೆ ತಿಂದಿಲ್ಲ ಕಣೇ.

ಅದೇ ನಿನ್ನ ತಲೆಗೆ ಬಂತು. ಮಗಳಿಗೆ ಹೆಸರಿಡುವ ದಿನ ಬಂದವರೆದುರೆಲ್ಲ ಅಮ್ಮ, "ಗ್ರಾಣ ಇಡ್ದಾಗ ಈಳ್ಗೆಮಣೆ ಮುಟ್ಟಿದ್ಲು, ಕೂಸಿನ ಬೆಳ್ಳು ಅಂಗೇ ಅಂಟ್ಕೊಂಡ್ವು" ಎಂದಳು. ನೀನು ನನ್ನ ಕಡೆ ನೋಡಿದೆ. ನಾನು ಎಲೆ ಅಡಿಕೆ ಹಂಚುತ್ತಿದ್ದೆ. ಹಂಚುತ್ತಲೇ ಇದ್ದೆ. ಥೂ, ನನ್ನ ಜನ್ಮಕ್ಕಿಷ್ಟು! ನೀನು ಕೂಸನ್ನೆತ್ತಿಕೊಂಡು ತವರಿಗೆ ಹೊರಟಾಗಲೂ ಬಾಯಿ ಬಿಡಲಿಲ್ಲ.

ನಿನ್ನೆ ಲ್ಯಾಬಿನ ಫಲಿತಾಂಶದ ಹಾಳೆ ಹಿಡಿದು ಅಮ್ಮನಿಗೆ ಎಲ್ಲ ಹೇಳಿದೆ. "ಬುಡ್ಲಾ, ಆಗಿದ್ದು ಆಗೋಯ್ತು, ಓಗಿ ಕರ್ಕೊಂಬಾ" ಅಂದಳು. ಅಷ್ಟಕ್ಕೇ ಬಂದುಬಿಡು ಎನ್ನುವ ಮುಖ ನನಗಿಲ್ಲ. ಆದರೂ ಬಾ. ಮನೆ ಬಿಕೋ ಎನ್ನುತ್ತಿದೆ. ಮುಂದಿನ ಭಾನುವಾರ ಅರಸೀಕೆರೆ ರೈಲಿಗೆ ಬರುತ್ತೇನೆ; ಬಾಗಿಲಲ್ಲೇ ನಿಲ್ಲಿಸಿ ಬೈದರೂ ಸರಿ.

ನಿನ್ನ ಮಾತಿಗೆ ಕಾದಿರುವ,
ಪ್ರಸಾದ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದೆ. ನನ್ನ ಎಡಗಾಲಿನ ಬೆರಳುಗಳ ನಡುವಿನ ಗುರುತು ಸೈಕಲ್ ಚಕ್ರಕ್ಕೆ ಸಿಕ್ಕಿ ಆದದ್ದಲ್ಲ. ಆ ಬೆರಳುಗಳು ಕೂಡಿಕೊಂಡೇ ಹುಟ್ಟಿದ್ದವು. ಐದು ವರ್ಷದವನಿದ್ದಾಗ ಆಸ್ಪತ್ರೆಯಲ್ಲಿ ಕೊಯ್ದು ಬಿಡಿಸಿದರು. ಎತ್ತಿಕೊಂಡು ಹೋದವಳು ಅಮ್ಮನೇ. ಧಾರೆಯ ದಿನ ಕಾಲು ತೊಳೆಯುತ್ತ ನಿಮ್ಮಪ್ಪ ಕೇಳಿದಾಗಲೂ ಸೈಕಲ್ಲು ಎಂದೆ. ಕಂಪ್ಯೂಟರು ಬೇಕಿರಲಿಲ್ಲ ನಾಗೂ. ಸ್ಪಂದನಳ ಕೈ ನೋಡಿದ ಮೊದಲ ದಿನವೇ ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು.