ಪರದೆಯ ಹಳದಿ

ಫೆಸ್, ಬುಧವಾರ

ಬಣ್ಣಗಾರ ಬೂಶ್ತಾ ಮಾವನಿಗೆ ಗಿಜ್ಲಾನಳ ಸಲಾಮ್.

ನಾನು ಹೊಲಿಯುತ್ತಿರುವ ಮದುಮಗಳ ಕಫ್ತಾನ್ ನಿಲುವಂಗಿಗೆ ನೀವು ಅದ್ದಿಕೊಟ್ಟ ನೀಲಿ ರೇಷ್ಮೆದಾರ ಸರಿಯಾಗಿಯೇ ಇತ್ತು. ಅವಳು ಕಳಿಸಿದ ಬಟ್ಟೆಯ ಫೋಟೋವನ್ನು ನಾನು ಲ್ಯಾಪ್‌ಟಾಪಿನಲ್ಲಿ ನೋಡಿದ್ದೆ. ಅದರಲ್ಲಿ ಬಟ್ಟೆಯ ನೀಲಿ ಹಸಿರಾಗಿ ಕಂಡಿತ್ತು, ಅದಕ್ಕೇ ನಿಮ್ಮ ದಾರದ ಬಣ್ಣ ತಪ್ಪೆಂದುಕೊಂಡೆ. ನಿನ್ನೆ ಪಕ್ಕದಲ್ಲಿ ಬಿಳಿ ಕಾಗದ ಹಿಡಿದಾಗ ಪರದೆಯ ಬಿಳುಪೇ ಹಳದಿ ಎಂದು ತಿಳಿಯಿತು. "ತಂಗೀ, ನಿನ್ ಪರದೆಗೆ ಕಾಮಾಲೆ ಬಂದಿದೆ!" ಎಂದು ರಿಪೇರಿಯವನು ನಕ್ಕ. ನನಗೆ ನಗು ಬರಲಿಲ್ಲ.

ನಿಮ್ಮ ಅಂಗಡಿಗೆ ಬಂದು ಬಣ್ಣ ತಪ್ಪೆಂದಾಗ ನೀವು, "ಮದುಮಗಳು ಕೊಟ್ಟ ಬಟ್ಟೆಚೂರು ನಿನ್ನ ಹತ್ರಾನೇ ಇದೆಯಲ್ಲ ಮಗಳೇ, ದಾರ ಅದರ ಮೇಲಿಟ್ಟು ಬಾಗಿಲ ಬೆಳಕಲ್ಲಿ ಹಿಡಿದು ನೋಡು" ಅಂದಿರಿ. ನಾನು ನೋಡಲಿಲ್ಲ. "ನಿಮ್ ಕಣ್ಣು ಮಂಜಾಗಿದೆ ಮಾವ, ಇನ್ನು ಸಾಕು ಮಾಡಿ" ಎಂದು ಬೀದಿಗೆಲ್ಲ ಕೇಳುವಂತೆ ಅಂದೆ. ನಾಲ್ಕು ಜನರೆದುರು ಬಾಯಿ ಬಿಡದ ನಾನು ಅಂದು ಕೂಗಿಬಿಟ್ಟೆ. ಆಮೇಲೆ ನೀವು ಬಣ್ಣ ಕುದಿಸುವ ಒಲೆ ಹಚ್ಚಿಲ್ಲವಂತೆ.

ಇಂದು ಬಾಗಿಲ ಬೆಳಕಲ್ಲಿ ದಾರವನ್ನು ಆ ಚೂರಿನ ಮೇಲಿಟ್ಟೆ. ದಾರ ಎಲ್ಲಿದೆಯೆಂದು ಬೆರಳಿನಿಂದ ಹುಡುಕಬೇಕಾಯಿತು.

ಶನಿವಾರ ಬೆಳಿಗ್ಗೆ ಬರುತ್ತೇನೆ. ಆ ಮಾತು ಎಲ್ಲಿ ಅಂದೆನೋ ಅಲ್ಲೇ ತಪ್ಪೊಪ್ಪಿಕೊಳ್ಳಬೇಕು. ದಯವಿಟ್ಟು ಒಲೆ ಹಚ್ಚಿರಿ, ಅಕ್ಕಪಕ್ಕದ ಅಂಗಡಿಯವರನ್ನೂ ಕರೆಯಿರಿ. ನನ್ನ ದನಿ ಸಣ್ಣದು, ಅವರಿಗೆ ಹತ್ತಿರ ನಿಲ್ಲಲು ಹೇಳಿ.

ತಲೆ ತಗ್ಗಿಸಿ,
ಗಿಜ್ಲಾನ್